ಕೊನೆಯ ಎರಡು ಚೀಲ

ನಮ್ಮ ಮನೆಯಲ್ಲಿ ಅಟ್ಟಕ್ಕೆ ಇದ್ದ ಮರ್ಯಾದೆ ಮನುಷ್ಯರಿಗೆ ಇರಲಿಲ್ಲ. ತುರುವೇಕೆರೆಯಿಂದ ಮಾಯಸಂದ್ರದ ಕಡೆಗೆ ಹೋಗುವ ಬಸ್ಸು ಹತ್ತಿ, ನಾರಿನ ಕಾರ್ಖಾನೆಯ ಕಂದು ಗುಡ್ಡೆ ಕಂಡ ಕೂಡಲೇ ಇಳಿದುಕೊಂಡರೆ ಸಿಗುವ ಊರು ನಮ್ಮದು. ಮನೆಯ ಕೆಳಗೆ ನಾವು ಐದು ಜನ ಇದ್ದೆವು: ಅಪ್ಪ, ಅವ್ವ, ಅಪ್ಪನ ತಮ್ಮ ಬಸಣ್ಣ ಚಿಕ್ಕಪ್ಪ, ಅಪ್ಪನ ಅಕ್ಕ ನಂಜತ್ತೆ ಮತ್ತು ನಾನು. ಮೇಲೆ ಅಟ್ಟದ ತುಂಬ ತೆಂಗಿನಕಾಯಿ. ಮರದಿಂದ ಇಳಿಸಿದ ಕಾಯನ್ನು ಸಿಪ್ಪೆ ಸುಲಿಯದೆ ಅಟ್ಟಕ್ಕೆ ಹಾಕಿದರೆ ಹೆಚ್ಚುಕಡಿಮೆ ಒಂದು ವರ್ಷ ಅದನ್ನು ಯಾರೂ ಮಾತಾಡಿಸುವ ಹಾಗಿಲ್ಲ. ಒಳಗಿನ ನೀರು ತಾನಾಗಿ ಇಂಗಬೇಕು, ತಿರುಳು ಒಣಗಿ ಕರಟದಿಂದ ಬಿಟ್ಟುಕೊಂಡು ಉಂಡೆ ಕೊಬ್ಬರಿಯಾಗಬೇಕು. ಆತುರಪಟ್ಟು ಒಡೆದರೆ ಹಸಿ ಉಳಿದು ಬೂಷ್ಟು ಹಿಡಿಯುತ್ತದೆ. ಯಾವ ಕಾಯಿ ಯಾವಾಗ ಕೆಳಗಿಳಿಯಬೇಕು ಎಂದು ತೀರ್ಮಾನ ಮಾಡುತ್ತಿದ್ದವಳು ನಂಜತ್ತೆ. ಮದುವೆಯಾದ ಮೂರನೆಯ ವರ್ಷಕ್ಕೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದ ಅವಳಿಗೆ ಆ ಮನೆಯಲ್ಲಿ ಅಡುಗೆ ಒಲೆಯೂ ತನ್ನದಲ್ಲ, ತೋಟವೂ ತನ್ನದಲ್ಲ. ಆದರೆ ಅಟ್ಟ ಅವಳದು. ಸೀರೆ ಸೊಂಟಕ್ಕೆ ಸಿಕ್ಕಿಸಿ ಏಣಿ ಹತ್ತಿ, ಕಾಯೊಂದನ್ನು ಎತ್ತಿ ಮೊದಲು ಬಲಗಿವಿಯ ಹತ್ತಿರ ಅಲ್ಲಾಡಿಸುತ್ತಿದ್ದಳು, ಆಮೇಲೆ ಎಡಗಿವಿಯ ಹತ್ತಿರ. ನೀರು ಗುಳುಕ್ ಎಂದರೆ ಅಲ್ಲೇ ವಾಪಸು. ಕೊಬ್ಬರಿ ಗಡಗಡ ಉರುಳಿದರೆ ಕೆಳಗೆ ಗೋಣಿಚೀಲ ಹಿಡಿದು ನಿಂತ ಅಪ್ಪನ ಕಡೆಗೆ ಎಸೆತ. ಊರಿನಲ್ಲಿ ಯಾರಿಗೂ ತಲೆಬಾಗದ ಅಪ್ಪ ಅವಳ ಒಂದು ಮಾತಿಗೆ ಕಾದು ನಿಲ್ಲುತ್ತಿದ್ದುದನ್ನು ನೋಡಲು ನನಗೆ ತುಂಬ ಇಷ್ಟವಾಗುತ್ತಿತ್ತು. ಎರಡು ಕಿವಿಗೂ ಯಾಕೆ ಹಿಡಿಯಬೇಕು ಎಂದು ಒಂದು ಸಲ ಕೇಳಿದ್ದೆ.

"ಒಂದ್ ಕಿವಿ ಸುಳ್ಳು ಹೇಳ್ಬೋದು ಕಣೇ ಮಂಗ್ಳಿ. ಎರಡೂ ಸೇರ್ಕೊಂಡು ಸುಳ್ಳು ಹೇಳಾಕಿಲ್ಲ."

ಅವಳ ಕಿವಿಯಷ್ಟೇ ಚುರುಕು ಅವಳ ಕಣ್ಣು. ಜಗಲಿಯಲ್ಲಿ ಕೂತೇ ಬೇಲಿಯಾಚೆಯ ಮರದಲ್ಲಿ ಎಷ್ಟು ಗೊನೆ ಬಲಿತಿದೆ ಎಂದು ಹೇಳುತ್ತಿದ್ದಳು. ಇಲಿ ಕೊರೆದ ಕಾಯನ್ನು ಅಟ್ಟದ ಕತ್ತಲೆಯಲ್ಲೇ ಗುರುತು ಹಿಡಿಯುತ್ತಿದ್ದಳು. ಈ ಅಧ್ಯಾಯ ಅವಳ ಕಣ್ಣುಗಳ ಬಗ್ಗೆ. ಇದನ್ನು ಬರೆಯಬಾರದು ಎಂದು ಬಹಳ ವರ್ಷ ಅಂದುಕೊಂಡಿದ್ದೆ. ಆದರೆ ಈ ವರ್ಷ ಶಿವರಾತ್ರಿ ಕಳೆದ ಮೇಲೆ ನಮ್ಮೂರಿನಲ್ಲಿ ಮತ್ತೆ ಹೊನಲು ಬೆಳಕಿನ ಕಬಡ್ಡಿ ನಡೆಯಿತು. ಗೆದ್ದ ತಂಡಕ್ಕೆ ಕಪ್ ಕೊಡಲು ತಿಪಟೂರಿನಲ್ಲಿ ಟೀಚರ್ ಆಗಿರುವ ನನ್ನನ್ನು ಕರೆದಿದ್ದರು. ಈಗ ಮಣ್ಣಿಲ್ಲ, ನೀಲಿ ಮ್ಯಾಟು. ಹುಡುಗರು ಬೂಟು ಹಾಕಿಕೊಂಡು ಆಡುತ್ತಾರೆ, ಬಿದ್ದರೆ ಎದ್ದು ಕೊಡವಿಕೊಳ್ಳಲು ಧೂಳೇ ಇರುವುದಿಲ್ಲ. ತಲೆ ಪೂರ್ತಿ ಬೆಳ್ಳಗಾಗಿರುವ ಬಸಣ್ಣ ಚಿಕ್ಕಪ್ಪ ಮೈಕು ಹಿಡಿದು ನನ್ನ ಪರಿಚಯ ಮಾಡಿಕೊಟ್ಟ. ಓದು, ಕೆಲಸ ಎಲ್ಲ ಹೇಳಿ ಕೊನೆಗೆ ಹೀಗಂದ:

"ಎಲ್ಲಾದ್ಕಿಂತ ಹೆಚ್ಚಾಗಿ ನಮ್ಮ ಮಂಗಳಾ ಅವ್ರತ್ತೆಗೆ ಕಣ್ಣಾಗಿದ್ದೋಳು ಕಣ್ರಪ್ಪ. ಹಂಗೆ ನೋಡ್ಕಂಡವ್ಳೆ."

ಚಪ್ಪಾಳೆ ಬಿತ್ತು. ನಾನು ಕೈಮುಗಿದೆ. ನಂಜತ್ತೆ ತೀರಿಕೊಂಡು ವರ್ಷಗಳಾಗಿವೆ, ಆ ಚಪ್ಪಾಳೆ ಕೇಳಿಸಿಕೊಳ್ಳಲು ಅವಳು ಇರಲಿಲ್ಲವಲ್ಲ ಎಂದು ಸಮಾಧಾನವಾಯಿತು. ಸಮಾಧಾನವಾಯಿತಲ್ಲ ಎಂದು ಆಮೇಲೆ ನಾಚಿಕೆಯಾಯಿತು.

ನಾನು ಐದನೆಯ ಕ್ಲಾಸಿನಲ್ಲಿದ್ದ ವರ್ಷ ಊರಿನ ಯುವಕರ ಸಂಘದವರು ಮೊದಲ ಬಾರಿಗೆ 'ಅಖಿಲ ಭಾರತ ಆಹ್ವಾನಿತ ಹೊನಲು ಬೆಳಕಿನ ನಾಕೌಟ್ ಕಬಡ್ಡಿ ಪಂದ್ಯಾವಳಿ' ಎಂದು ಗೋಡೆಗೋಡೆಗೆ ಪೋಸ್ಟರ್ ಹಚ್ಚಿದರು. ಅಖಿಲ ಭಾರತ ಎಂದರೆ ತಮಿಳುನಾಡಿನಿಂದ ಎರಡು ತಂಡ, ಕೇರಳದಿಂದ ಒಂದು, ಮಹಾರಾಷ್ಟ್ರದಿಂದ ಬರುತ್ತೇವೆ ಎಂದು ಪತ್ರ ಬರೆದು ಬಾರದೇ ಹೋದದ್ದು ಒಂದು. ಉಳಿದವರೆಲ್ಲ ಸುತ್ತಿನ ಊರಿನವರು. ಮೂರು ರಾತ್ರಿಯ ಆಟ. ಸೋತವರು ಬೆಳಿಗ್ಗೆ ಊರು ಬಿಡಬೇಕು, ಗೆದ್ದವರು ಇನ್ನೊಂದು ರಾತ್ರಿ ಉಳಿಯಬೇಕು. ದೂರದಿಂದ ಬಂದ ತಂಡಗಳಿಗೆ ಲಾಡ್ಜು ಎಲ್ಲಿಂದ ತರುವುದು, ಒಂದೊಂದು ಮನೆಗೆ ಒಂದೊಂದು ತಂಡ ಹಂಚಿದರು. ನಮ್ಮ ಮನೆಗೆ ಬಂದದ್ದು ಸೇಲಂ ಕಡೆಯ ತಂಡ. ಅವರ ನಾಯಕನ ಹೆಸರು ಮುರುಗನ್, ಬಾಗಿಲಿಗೆ ಬಗ್ಗಿ ಬರಬೇಕಾದಷ್ಟು ಎತ್ತರ, ನಗು ಮಾತ್ರ ಮಗುವಿನದು. ಬಂದ ಹತ್ತು ನಿಮಿಷಕ್ಕೇ ಮನೆಯಲ್ಲಿ ಜಗಳ ಶುರುವಾಯಿತು. ಆಟಗಾರರಿಗೆ ಮೊಟ್ಟೆ ಬೇಕಂತೆ. ದಿನಾ ಲಿಂಗಪೂಜೆ ಮಾಡದೆ ನೀರು ಮುಟ್ಟದ ಅವ್ವ ನಡುಮನೆಯ ಬಾಗಿಲಿಗೆ ಅಡ್ಡ ನಿಂತಳು.

"ಮೊಟ್ಟೆ ಗಿಟ್ಟೆ ಅಂತ ಈ ಹೊಸ್ಲು ದಾಟಿದ್ರೆ ನಾನು ತವರಿಗೆ ಹೋಯ್ತೀನಿ, ಅಷ್ಟೇಯ."

"ಹೋಗು, ಆದ್ರೆ ಹನ್ನೆರಡು ಜನಕ್ಕೆ ಮುದ್ದೆ ಕಟ್ಟಿಟ್ಟು ಹೋಗು," ಎಂದ ಅಪ್ಪ.

ಜಗಳ ಬಗೆಹರಿಸಿದವಳು ನಂಜತ್ತೆ. ಕೊಟ್ಟಿಗೆಯ ಹಿಂದೆ ಮೂರು ಇಟ್ಟಿಗೆ ಹೂಡಿ, ಹಳೆಯ ಡಬ್ಬವೊಂದನ್ನು ಮುರುಗನ್ ಕೈಗೆ ಕೊಟ್ಟು, ನೀವೇ ಬೇಯಿಸಿಕೊಳ್ಳಿ, ನಮ್ಮ ಹಸು ಏನೂ ಅಂದುಕೊಳ್ಳುವುದಿಲ್ಲ ಎಂದು ಸನ್ನೆಯಲ್ಲೇ ತಿಳಿಸಿದಳು. ಆಮೇಲೆ ಆ ಹನ್ನೆರಡು ಜನಕ್ಕೂ ಅವಳು ತಾಯಿಯೇ ಆಗಿಬಿಟ್ಟಳು. ಮುದ್ದೆ ಅಗಿಯಬಾರದು, ನುಂಗಬೇಕು ಎಂದು ಕಲಿಸಿದಳು. ಮುರುಗನ್ ಒಂದು ತುತ್ತು ನುಂಗಿ ಕಣ್ಣುಗುಡ್ಡೆ ಹೊರಗೆ ಬಂದವನ ಹಾಗೆ ನಟಿಸಿದಾಗ ಅವ್ವ ಕೂಡ ಸೆರಗು ಬಾಯಿಗಿಟ್ಟು ನಕ್ಕಳು. ನಮ್ಮೂರ ತಂಡದ ನಾಯಕ ಬಸಣ್ಣ ಚಿಕ್ಕಪ್ಪನೇ ಆಗಿದ್ದರಿಂದ ಒಂದೇ ಪಂಕ್ತಿಯಲ್ಲಿ ಎದುರಾಳಿಗಳು ಕೂತು ಉಣ್ಣುವ ವಿಚಿತ್ರ ನಮ್ಮ ಮನೆಯಲ್ಲಿ ನಡೆಯಿತು. ಎರಡು ರಾತ್ರಿ ಎರಡು ತಂಡಗಳೂ ಗೆಲ್ಲುತ್ತಲೇ ಹೋದವು. ಮೂರನೆಯ ರಾತ್ರಿ ಫೈನಲ್‌ನಲ್ಲಿ ಒಂದೇ ಮನೆಯ ಅನ್ನ ಉಂಡವರು ಎದುರುಬದುರಾಗುವುದು ಖಾತ್ರಿಯಾಯಿತು.

ಇನ್ನು ಅಂಕಣದ ವಿಷಯ. ನಮ್ಮ ಕಡೆಯ ನೆಲ ಗಟ್ಟಿ. ಬಿದ್ದರೆ ಮೊಣಕೈ ಸುಲಿಯುತ್ತದೆ. ಅದಕ್ಕೆ ನಮ್ಮವರು ಕಂಡುಕೊಂಡ ಉಪಾಯ ನಾರಿನ ಪುಡಿ. ತೆಂಗಿನ ಸಿಪ್ಪೆಯಿಂದ ನಾರು ಬಿಡಿಸಿದ ಮೇಲೆ ಉಳಿಯುವ ಕಂದು ಪುಡಿಯನ್ನು ಕೆಂಪು ಮಣ್ಣಿನ ಜೊತೆ ಕಲಸಿ ಅಂಕಣದಲ್ಲಿ ಹರಡಿದರೆ ಹಾಸಿಗೆಯ ಹಾಗೆ ಮೆತ್ತಗಿರುತ್ತದೆ. ಆದರೆ ಗುಡ್ಡೆಯಿಂದ ತುಂಬಿಸಿ ತಂದ ಪುಡಿಯಲ್ಲಿ ಕಲ್ಲು ಇರುತ್ತದೆ, ಕರಟದ ಚೂರು ಇರುತ್ತದೆ. ಕಲ್ಲು ಕಣ್ಣಿಗೆ ಬೀಳುತ್ತದೆ, ಕರಟ ಬೀಳುವುದಿಲ್ಲ. ಅದರ ಬಣ್ಣವೂ ಪುಡಿಯ ಬಣ್ಣವೂ ಒಂದೇ. ಹಾಗಾಗಿ ಪುಡಿಯನ್ನು ಜರಡಿ ಹಿಡಿದೇ ಹರಡಬೇಕು. ಆ ಕೆಲಸವನ್ನು ಸಂಘದವರು ನಂಜತ್ತೆಗೆ ವಹಿಸಿದ್ದರು, ಊರಲ್ಲಿ ಅವಳಂಥ ಕಣ್ಣು ಇನ್ನೊಬ್ಬರಿಗೆ ಇಲ್ಲ ಎಂದು. ಅವಳು ಪ್ರತಿ ಚೀಲವನ್ನೂ ಎರಡು ಸಲ ಹಿಡಿಯುತ್ತಿದ್ದಳು. ಸೀಳಿದ ಚೂರು ಮೊದಲನೆಯ ಸಲ ನೆಟ್ಟಗೆ ನಿಂತು ಜರಡಿಯಲ್ಲಿ ಇಳಿದುಬಿಡಬಹುದು, ಎರಡನೆಯ ಸಲಕ್ಕೆ ಅಡ್ಡ ಬಿದ್ದೇ ಬೀಳುತ್ತದೆ ಎನ್ನುವುದು ಅವಳ ಲೆಕ್ಕ. ಆಮೇಲೆ ರಾಶಿಯನ್ನು ಕೈಯಲ್ಲಿ ಕೆದಕಿ ಕೆದಕಿ ಕಣ್ಣಾಡಿಸುತ್ತಿದ್ದಳು. ಮೂರು ದಿನವೂ ಮಧ್ಯಾಹ್ನ ನಾನು ಅವಳ ಜೊತೆ ಅಂಗಳದಲ್ಲಿ ಕೂತು ಪುಡಿ ಸುರಿದುಕೊಡುತ್ತಿದ್ದೆ. ತಲೆಗೂದಲು, ರೆಪ್ಪೆ, ಮೂಗಿನ ಹೊಳ್ಳೆ ಎಲ್ಲ ಕಂದು. ಇಬ್ಬರೂ ಸೀನಿ ಸೀನಿ ನಗುತ್ತಿದ್ದೆವು.

ಮೂರನೆಯ ದಿನ ಎರಡು ಚೀಲ ಬಾಕಿ ಇರುವಾಗ ಒಳಗಿನಿಂದ ಅವ್ವ ಕೂಗಿದಳು. ಫೈನಲ್ ದಿನವೆಂದು ಎರಡು ತಂಡಕ್ಕೂ ಕಾಯಿ ಒಬ್ಬಟ್ಟು ಮಾಡುತ್ತಿದ್ದರು, ಹೂರಣ ಕೈಕೊಟ್ಟಿತ್ತು. ನಂಜತ್ತೆ ಜರಡಿಯನ್ನು ನನ್ನ ಕೈಗೆ ಕೊಟ್ಟಳು. ಅದುವರೆಗೆ ಅವಳು ಅದನ್ನು ಯಾರ ಕೈಗೂ ಕೊಟ್ಟಿರಲಿಲ್ಲ.

"ಕೊನೇ ಎರಡು ಚೀಲ ನೀನೇ ಹಿಡಿ. ಎರಡು ಸಲ ಕಣವ್ವ. ಆಟ ಆಡೋರು ನಮ್ಮನೇ ಮಕ್ಳು."

ಹಿಡಿದೆ. ಅರ್ಧ ಜರಡಿ. ಅಷ್ಟರಲ್ಲಿ ಬೀದಿಯಲ್ಲಿ ನನ್ನ ಗೆಳತಿ ಓಡುತ್ತ ಹೋದಳು, ಮೈದಾನಕ್ಕೆ ಫೋಟೋದವನು ಬಂದಿದ್ದಾನೆ, ಸೇಲಂ ತಂಡದ ಫೋಟೋ ತೆಗೆಯುತ್ತಾನೆ ಎಂದು ಕೂಗುತ್ತ. ನನ್ನನ್ನೂ ಫೋಟೋದಲ್ಲಿ ನಿಲ್ಲಿಸಿಕೊಳ್ಳುವುದಾಗಿ ಮುರುಗನ್ ಬೆಳಿಗ್ಗೆಯೇ ಸನ್ನೆ ಮಾಡಿ ಹೇಳಿದ್ದ. ಅದುವರೆಗೆ ನಾನು ಫೋಟೋದಲ್ಲಿ ನಿಂತವಳೇ ಅಲ್ಲ. ಚೀಲಗಳನ್ನು ನೋಡಿದೆ, ಬೀದಿಯನ್ನು ನೋಡಿದೆ. ಆಮೇಲೆ ಒಂದು ಚೀಲದ ಬಾಯಿ ಬಿಚ್ಚಿ ಜರಡಿ ಹಿಡಿದ ರಾಶಿಯ ಮೇಲೇ ಸುರಿದೆ. ಇನ್ನೊಂದನ್ನೂ ಸುರಿದೆ. ಎರಡೂ ಒಂದೇ ಬಣ್ಣ, ಒಂದೇ ವಾಸನೆ. ಮೇಲೆ ಮೊದಲಿನ ರಾಶಿಯ ಪುಡಿಯನ್ನು ನಾಲ್ಕು ಬೊಗಸೆ ಎಳೆದು ಹಾಕಿದೆ. ಸೋಮಾರಿತನಕ್ಕೆ ಕ್ಷಮೆ ಇದೆ, ಆ ನಾಲ್ಕು ಬೊಗಸೆಗೆ ಇಲ್ಲ. ಮುಚ್ಚಿಡಬೇಕು ಎಂದು ಹತ್ತು ವರ್ಷದ ನನಗೆ ಗೊತ್ತಿತ್ತು. ಓಡಿಹೋಗಿ ಫೋಟೋದಲ್ಲಿ ನಿಂತೆ, ಓಡಿ ಬಂದೆ. ನಂಜತ್ತೆ ಆಗಲೇ ರಾಶಿಯ ಮುಂದೆ ಕೂತು ಕೈಯಾಡಿಸುತ್ತಿದ್ದಳು. ಒಂದೆರಡು ಕಡೆ ಕೆದಕಿದಳು, ಮೂಸಿದಳು. ಸಂಘದ ಗಾಡಿ ಬಾಗಿಲಿಗೆ ಬಂದು ನಿಂತಿತ್ತು.

"ಆಯ್ತಾ?"

"ಆಯ್ತು ಅತ್ತೆ."

ರಾತ್ರಿ ಜನರೇಟರ್ ಗುಡುಗುಟ್ಟಿ ದೀಪ ಹತ್ತಿಕೊಂಡಾಗ ಇಡೀ ಮೈದಾನ ಹಗಲಾಯಿತು. ಗಂಡಸರಿಗೆ ಕೂರಲು ತೆಂಗಿನ ಬೊಡ್ಡೆಗಳನ್ನು ಸಾಲಾಗಿ ಉರುಳಿಸಿದ್ದರು, ಹೆಂಗಸರಿಗೆ ಒಂದು ಪಕ್ಕದಲ್ಲಿ ಚಾಪೆ. ನಂಜತ್ತೆಯ ಮಡಿಲಿಗೆ ಒರಗಿ ನಾನು ಕೂತಿದ್ದೆ. ಯಾರು ಗೆಲ್ಲಬೇಕು ಎಂದು ಕೇಳಿದ್ದಕ್ಕೆ, ಯಾರು ಸೋತರೂ ನಾಳೆ ಬೆಳಿಗ್ಗೆ ಉಪ್ಪಿಟ್ಟು ಇದೆ ಎಂದಳು. ನಾನಂತೂ ಚೀಲಗಳನ್ನು ಮರೆತೇಬಿಟ್ಟಿದ್ದೆ. ಹಾಗೆ ಮರೆಯಲು ಸಾಧ್ಯವಾಯಿತು ಎನ್ನುವುದೇ ಈಗ ಹೆಚ್ಚು ಚುಚ್ಚುತ್ತದೆ. ಆಟ ಮುಗಿಯಲು ಎರಡೋ ಮೂರೋ ನಿಮಿಷ, ಎರಡೂ ಕಡೆ ಅಂಕ ಸಮ. ಬಸಣ್ಣ ಚಿಕ್ಕಪ್ಪ ರೈಡಿಗೆ ಹೋದ. ಇಬ್ಬರನ್ನು ಮುಟ್ಟಿದ. ತಿರುಗುವಾಗ ಮುರುಗನ್ ಅವನ ಸೊಂಟ ಹಿಡಿದ. ಚಿಕ್ಕಪ್ಪ ಅವನನ್ನು ಎಳೆದುಕೊಂಡೇ ಮೊಣಕಾಲಿನ ಮೇಲೆ ಬಿದ್ದು, ಕೈ ಚಾಚಿ, ಗೆರೆಗೆ ಇನ್ನು ಒಂದು ಗೇಣು ಇದೆ ಎನ್ನುವಾಗ ಕೈ ಹಿಂದಕ್ಕೆ ಎಳೆದುಕೊಂಡು ಮೊಣಕಾಲು ಹಿಡಿದ. ಉಸಿರು ತುಂಡಾಯಿತು, ಔಟ್. ಮೊದಲು ಯಾರಿಗೂ ಅರ್ಥವಾಗಲಿಲ್ಲ. ಮುರುಗನ್ ಸೊಂಟ ಬಿಟ್ಟು ಅವನ ಕಾಲ ಹತ್ತಿರ ಕೂತ. ಕಂದು ಪುಡಿ ಕಪ್ಪಾಗುತ್ತಾ ಹೋಯಿತು. ರೆಫರಿ ಬಗ್ಗಿ ಮಂಡಿಚಿಪ್ಪಿನ ಕೆಳಗಿನಿಂದ ಏನನ್ನೋ ಎಳೆದು ದೀಪಕ್ಕೆ ಹಿಡಿದ. ಗೋಣಿ ಹೊಲಿಯುವ ದಬ್ಬಳದಷ್ಟು ಉದ್ದ, ಸೀಳಿದ ಕರಟ.

ನಂಜತ್ತೆ ಎದ್ದಳು. ಹೆಂಗಸರು ಅಂಕಣಕ್ಕೆ ಕಾಲಿಡುವುದು ನಮ್ಮೂರಲ್ಲಿ ಇರಲಿಲ್ಲ. ಇವಳು ಎಲ್ಲರ ಎದುರು ನಡೆದುಹೋಗಿ, ರೆಫರಿಯ ಕೈಯಿಂದ ಆ ಚೂರನ್ನು ಇಸಿದುಕೊಂಡು ಸೆರಗಿನಲ್ಲಿ ಒರೆಸಿ ನೋಡಿ, ಸೆರಗಿನ ತುದಿಗೇ ಗಂಟು ಹಾಕಿಕೊಂಡಳು. ಚಿಕ್ಕಪ್ಪನನ್ನು ಎದುರು ತಂಡದ ನಾಯಕನೇ ಹೆಗಲ ಮೇಲೆ ಹೊತ್ತು ಜೀಪಿನವರೆಗೆ ತಂದ. ನಾಯಕನಿಲ್ಲದ ನಮ್ಮೂರು ಒಂದೇ ಅಂಕದಲ್ಲಿ ಸೋತಿತು. ಮೈಕಿನವನು ವಿಜೇತರ ಹೆಸರು ಹೇಳುವಾಗ ಸೇಲಂನ ಹುಡುಗರು ಯಾರೂ ಕುಣಿಯಲಿಲ್ಲ.

ಬೆಳಿಗ್ಗೆ ನಡುಮನೆಯಲ್ಲಿ ಸಂಘದ ನಾಲ್ಕು ಜನ ಬಂದು ಕೂತರು. ಚಿಕ್ಕಪ್ಪ ಕಾಲಿಗೆ ಹೊಲಿಗೆ ಹಾಕಿಸಿಕೊಂಡು ಬಂದು ಮಂಚದ ಮೇಲೆ ದಿಂಬಿಗೆ ಒರಗಿದ್ದ. ನರಕ್ಕೆ ಪೆಟ್ಟಾಗಿಲ್ಲ, ಆರು ತಿಂಗಳಲ್ಲಿ ಓಡಾಡಬಹುದು, ಆಟ ಮಾತ್ರ ಅನುಮಾನ ಎಂದು ಡಾಕ್ಟರು ಹೇಳಿದ್ದರು. ಬಂದವರಿಗೆ ಬೈಯುವ ಧೈರ್ಯವೂ ಇಲ್ಲ, ಬೈಯದೆ ಹೋಗುವ ಮನಸ್ಸೂ ಇಲ್ಲ. ಕಾಫಿ ಲೋಟ ತಿರುಗಿಸುತ್ತ ಕೂತಿದ್ದರು. ನಂಜತ್ತೆ ಅವರ ಮುಂದೆ ಸೆರಗಿನ ಗಂಟು ಬಿಚ್ಚಿ ಚೂರನ್ನು ನೆಲದ ಮೇಲಿಟ್ಟಳು.

"ಪುಡಿಗೆ ಜರಡಿ ಹಿಡ್ದೋಳು ನಾನು. ಏನ್ ಕೇಳ್ಬೇಕು ನನ್ನ ಕೇಳಿ."

"ನಿನ್ನ ಒಬ್ಬಳ ಕೈಲೇ ಆಯ್ತಾ ಅಕ್ಕ, ಇನ್ಯಾರಾದ್ರೂ ಕೂತಿದ್ರಾ?" ಎಂದ ಅಪ್ಪ.

ಅವಳು ನನ್ನ ಕಡೆ ತಿರುಗಿದಳು. ನಾನು ಕಂಬ ಹಿಡಿದು ನಿಂತಿದ್ದೆ. ಅವಳ ಮುಖದಲ್ಲಿ ಸಿಟ್ಟು ಇರಲಿಲ್ಲ. ಒಂದು ಕಾಯನ್ನು ಕಿವಿಗೆ ಹಿಡಿದಾಗ ಇರುತ್ತಿತ್ತಲ್ಲ, ಆ ಗಮನ ಇತ್ತು.

"ಕೊನೇ ಎರಡು ಚೀಲ ಎರಡು ಸಲ ಹಿಡ್ದೆ ತಾನೇ ಮಂಗ್ಳಿ?"

"ಹೂಂ."

ಅಷ್ಟೇ ನಾನು ಹೇಳಿದ್ದು. ಒಂದು ಅಕ್ಷರ. ಅವಳು ಇನ್ನೊಂದು ಮಾತು ಕೇಳಿದ್ದರೆ ಅತ್ತುಬಿಡುತ್ತಿದ್ದೆ, ಅಪ್ಪ ಗದರಿದ್ದರೆ ಸತ್ಯ ಬಾಯಿಂದ ಬಿದ್ದುಹೋಗುತ್ತಿತ್ತು. ಯಾರೂ ಕೇಳಲಿಲ್ಲ. ನಂಜತ್ತೆ ಚೂರನ್ನು ಎತ್ತಿ ಕಣ್ಣಿನ ಹತ್ತಿರ ತಂದಳು, ದೂರ ಹಿಡಿದಳು, ಮತ್ತೆ ಹತ್ತಿರ ತಂದಳು.

"ಹಂಗಾದ್ರೆ ನನ್ನ ಕಣ್ಣೇ ಕಣಪ್ಪ. ರಾಶಿ ಕೆದಕಿ ನೋಡ್ದೋಳು ನಾನು. ಮುಂದೆ ಇದ್ದಿದ್ದು ಕಾಣ್ನಿಲ್ಲ ಅಂದ್ರೆ ಇನ್ನೇನು."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರೆ. ಇಲ್ಲಿ ಎಮ್ಮೆ ತಾನೇ ಬಂದು ಬೆನ್ನು ಕೊಟ್ಟಿತು. ತನ್ನ ಕಣ್ಣನ್ನು ನಂಬುವುದೋ ತಾನು ಸಾಕಿದ ಹುಡುಗಿಯ ಮಾತನ್ನು ನಂಬುವುದೋ ಎನ್ನುವಾಗ ಅವಳು ನನ್ನನ್ನು ನಂಬಿದಳು. ಮಂಚದ ಮೇಲಿದ್ದ ಚಿಕ್ಕಪ್ಪ, "ಬುಡು ಅಕ್ಕ, ನನ್ನ ಟೈಮು ಸರಿ ಇರ್ಲಿಲ್ಲ," ಎಂದ. ಸಂಘದವರು ಎದ್ದುಹೋದರು. ಮಧ್ಯಾಹ್ನ ಸೇಲಂ ತಂಡ ಹೊರಟಿತು. ಒಬ್ಬೊಬ್ಬರಾಗಿ ನಂಜತ್ತೆಯ ಕಾಲು ಮುಟ್ಟಿದರು. ಕೊನೆಗೆ ಮುರುಗನ್ ನನ್ನ ತಲೆ ಸವರಿದ, ಅಂಗೈಗೆ ಕಂದು ಪುಡಿ ಹತ್ತಿತು, ತೋರಿಸಿ ನಕ್ಕ. ತಿಂಗಳ ಮೇಲೆ ಅಂಚೆಯಲ್ಲಿ ಫೋಟೋ ಬಂತು. ಮಧ್ಯಾಹ್ನದ ಇಳಿಬಿಸಿಲಿನಲ್ಲಿ ಸಾಲಾಗಿ ನಿಂತ ಹನ್ನೆರಡು ಜನ, ಮುಂದೆ ಹಲ್ಲು ಕಿರಿದುಕೊಂಡು ನಾನು. ಅಪ್ಪ ಅದಕ್ಕೆ ಕಟ್ಟು ಹಾಕಿಸಿ ನಡುಮನೆಯಲ್ಲೇ ನೇತುಹಾಕಿದ. ಜರಡಿ ಹಿಡಿಯಬೇಕಾಗಿದ್ದ ಹೊತ್ತಿನಲ್ಲಿ ನಾನು ಎಲ್ಲಿದ್ದೆ ಎನ್ನುವುದಕ್ಕೆ ಸಾಕ್ಷಿ ವರ್ಷಗಟ್ಟಲೆ ಎಲ್ಲರ ಕಣ್ಣೆದುರೇ ಇತ್ತು. ಯಾರೂ ಅದನ್ನು ಹಾಗೆ ನೋಡಲಿಲ್ಲ. ನಾನೊಬ್ಬಳು ಮಾತ್ರ ಕುಂಬಳಕಾಯಿ ಕಳ್ಳನ ಹಾಗೆ ಅದರ ಮುಂದೆ ಹಾದುಹೋಗುವಾಗಲೆಲ್ಲ ಹೆಗಲು ಮುಟ್ಟಿಕೊಳ್ಳುತ್ತಿದ್ದೆ.

ಆ ವಾರವೇ ಅಪ್ಪ ನಂಜತ್ತೆಗೆ ಏಣಿ ಹತ್ತಬೇಡ ಎಂದ. ಕೆಟ್ಟ ಮನಸ್ಸಿನಿಂದಲ್ಲ. ಕಣ್ಣು ಮಂಜಾದವಳು ಕತ್ತಲಲ್ಲಿ ಕಾಲು ತಪ್ಪಿದರೆ ಎನ್ನುವ ಭಯ.

"ಕಾಯಿ ನೋಡಾಕೆ ಕಿವಿ ಸಾಕು ಕಣ್ಲಾ, ಕಣ್ಯಾಕೆ," ಎಂದಳು ಅವಳು.

"ಏಣಿಗೆ ಬೇಕಲ್ಲಕ್ಕ."

ಅಟ್ಟಕ್ಕೆ ಆಳು ಹತ್ತಿದ. ಅವನು ಒಂದೇ ಕಿವಿಗೆ ಹಿಡಿದು, ಅದೂ ಬೀಡಿ ಸೇದುತ್ತ, ಕಾಯಿ ಎಸೆಯುತ್ತಿದ್ದ. ಆ ವರ್ಷ ಒಡೆದ ಕೊಬ್ಬರಿಯಲ್ಲಿ ಎಷ್ಟೋ ಉಂಡೆ ಬೂಷ್ಟು ಹಿಡಿದವು. ನಂಜತ್ತೆ ಜಗಲಿಯ ಮೇಲೆ ಕೂತು ಅಟ್ಟದಲ್ಲಿ ಉರುಳುವ ಸದ್ದು ಕೇಳುತ್ತ ಅದು ಹಸಿ, ಅದು ಹಸಿ ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದಳು. ಯಾರಿಗೂ ಕೇಳಿಸುವಷ್ಟು ಜೋರಾಗಿ ಹೇಳುತ್ತಿರಲಿಲ್ಲ. ನನಗೆ ಕೇಳಿಸುತ್ತಿತ್ತು. ಹೇಳಿಬಿಡೋಣ ಎಂದು ದಿನಕ್ಕೆ ಒಂದು ಸಲ ಅಂದುಕೊಳ್ಳುತ್ತಿದ್ದೆ. ಸ್ನಾನ ಆದ ಮೇಲೆ ಹೇಳುತ್ತೇನೆ, ಪೂಜೆ ಆದ ಮೇಲೆ ಹೇಳುತ್ತೇನೆ, ಚಿಕ್ಕಪ್ಪ ಕುಂಟುವುದು ನಿಂತ ಮೇಲೆ ಹೇಳುತ್ತೇನೆ. ಚಿಕ್ಕಪ್ಪ ಕುಂಟುವುದೂ ನಿಂತಿತು, ಅವನು ಹುಡುಗರಿಗೆ ಆಟ ಹೇಳಿಕೊಡಲೂ ಶುರುಮಾಡಿದ.

ನಂಜತ್ತೆ ಮಾತ್ರ ನಿಜವಾಗಿಯೂ ಕಾಣದವಳ ಹಾಗೆ ಬದುಕತೊಡಗಿದಳು. ಅಕ್ಕಿ ಆರಿಸುವುದನ್ನು ಅವ್ವನಿಗೆ ಬಿಟ್ಟಳು. ದೂರದ ಗೊನೆ ನೋಡಿ ಏನೂ ಹೇಳುತ್ತಿರಲಿಲ್ಲ. ತನಗೆ ಕಂಡದ್ದನ್ನೂ ಹೌದಾ ಎಂದು ಇನ್ನೊಬ್ಬರನ್ನು ಕೇಳಿ ಖಾತ್ರಿ ಮಾಡಿಕೊಳ್ಳುತ್ತಿದ್ದಳು. ಪ್ರತಿ ಸಂಜೆ ಹರಿದ ರವಿಕೆಯೋ ಗೋಣಿಯೋ ಹಿಡಿದು ಕೂತು ಸೂಜಿ ಮತ್ತು ದಾರವನ್ನು ನನ್ನ ಕೈಗೆ ಕೊಡುತ್ತಿದ್ದಳು. ನಾನು ಪೋಣಿಸಿಕೊಡುತ್ತಿದ್ದೆ. ಸೂಜಿಯ ಕಣ್ಣಿನಲ್ಲಿ ಅವಳು ಒಮ್ಮೆಗೇ ದಾರ ತೂರಿಸುತ್ತಿದ್ದುದನ್ನು ನೋಡಿದ್ದವಳು ನಾನು. ಯಾರಿಗೂ ಹೇಳದೆ ಅಟ್ಟಕ್ಕೆ ಹತ್ತಿ, ಲಂಗದಲ್ಲಿ ನಾಲ್ಕೈದು ಕಾಯಿ ತುಂಬಿಕೊಂಡು ಇಳಿದು, ಅವಳ ಮುಂದೆ ಇಡುತ್ತಿದ್ದೆ. ಅವಳು ಬಲಗಿವಿಗೆ, ಎಡಗಿವಿಗೆ ಹಿಡಿದು ವಿಂಗಡಿಸುತ್ತಿದ್ದಳು. ಕ್ರಮೇಣ ಅದು ಮನೆಯ ಪದ್ಧತಿಯಾಯಿತು, ಬೂಷ್ಟು ಕಡಿಮೆಯಾಯಿತು. ಅವಳ ಕೈ ಹಿಡಿದು ಕೆರೆ ಏರಿ ದಾಟಿಸಿದೆ, ಬಾವಿಕಟ್ಟೆಗೆ ಕರೆದೊಯ್ದೆ. ಊರಿನ ಹೆಂಗಸರು ತಮ್ಮ ಮಕ್ಕಳಿಗೆ ನನ್ನನ್ನು ತೋರಿಸಿ ಬುದ್ಧಿ ಹೇಳತೊಡಗಿದರು. ನಾನು ಒಳ್ಳೆಯ ಹುಡುಗಿ ಎಂದು ಹೆಸರಾದದ್ದು ಹೀಗೆ. ಇವತ್ತು ನನ್ನ ಬಗ್ಗೆ ಯಾರು ಏನು ಒಳ್ಳೆಯದು ಹೇಳಿದರೂ, ಉತ್ತರಪತ್ರಿಕೆಗಳನ್ನು ಎರಡೆರಡು ಸಲ ತಿದ್ದುತ್ತಾರೆ ಎಂದರೂ, ಅದರ ಬೇರು ಆ ಅಂಗಳದಲ್ಲಿದೆ.

ನಾನು ಟೀಚರ್ ತರಬೇತಿ ಮುಗಿಸಿದ ವರ್ಷ ತುರುವೇಕೆರೆಯಲ್ಲಿ ಕಣ್ಣಿನ ಶಿಬಿರ ನಡೆಯಿತು. ನಾನೇ ಅವಳನ್ನು ಕರೆದುಕೊಂಡು ಹೋದೆ, ಬೇರೆ ಯಾರು ಹೋಗುತ್ತಾರೆ. ಡಾಕ್ಟರು ಟಾರ್ಚು ಬಿಟ್ಟು ನೋಡಿದರು, ಗೋಡೆಯ ಮೇಲಿನ ಗುರುತುಗಳನ್ನು ಕೇಳಿದರು. ಅವಳು ಮೊದಲು ಹೆದರಿ ಹೆದರಿ, ಆಮೇಲೆ ಸರಾಗವಾಗಿ, ಕಟ್ಟಕಡೆಯ ಸಾಲಿನವರೆಗೂ ಕೈಯಲ್ಲಿ ತೋರಿಸಿದಳು.

"ನಿಮ್ಮ ಕಣ್ಣು ನನ್ನ ಕಣ್ಣಿಗಿಂತ ಚೆನ್ನಾಗಿದೆ ಅಮ್ಮ. ಕಾಣಲ್ಲ ಅಂತ ಯಾರು ಹೇಳಿದ್ದು?"

"ಯಾರೂ ಹೇಳ್ನಿಲ್ಲ ಸ್ವಾಮಿ. ನಾನೇ ಅಂದ್ಕಂಡೆ."

ವಾಪಸು ಬರುವಾಗ ಬಸ್ಸಿನಲ್ಲಿ ಅವಳಿಗೆ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಎರಡೂ ಬದಿಗೆ ತೋಟಗಳು ಓಡುತ್ತಿದ್ದವು. ಒಂದು ಕಡೆ ಬಸ್ಸು ನಿಧಾನವಾದಾಗ, ಮೂರನೇ ಸಾಲಿನ ಮರಕ್ಕೆ ನುಸಿ ಬಿದ್ದಿದೆ ನೋಡು, ಕಾಯಿ ಮೇಲೆಲ್ಲ ಕಂದು ಕಲೆ ಎಂದಳು. ನಾನು ನೋಡಿದೆ. ನನಗೆ ಮರ ಕಂಡಿತು, ಕಲೆ ಕಾಣಲಿಲ್ಲ. ಅವಳು ನನ್ನ ಕಡೆ ತಿರುಗಿದಳು. ಅದೇ ಗಮನ, ಕಾಯನ್ನು ಎರಡನೆಯ ಕಿವಿಗೆ ಹಿಡಿದಾಗಿನದು.

"ಅವತ್ತು ಆ ಎರಡು ಚೀಲ ಎರಡು ಸಲ ಹಿಡ್ದೆ ತಾನೇ ಮಂಗ್ಳಿ?"

ಆಗ ನನಗೆ ಹತ್ತು ವರ್ಷವಲ್ಲ. ಹೆದರಿಕೆ ಎಂದು ಹೇಳಿಕೊಳ್ಳುವ ಹಾಗಿಲ್ಲ, ಯಾರೂ ಹೊಡೆಯುವವರಿರಲಿಲ್ಲ. ಇಷ್ಟು ವರ್ಷ ಊರು ಹೊಗಳಿದ ಮಂಗಳಾ ಒಬ್ಬಳಿದ್ದಳಲ್ಲ, ಅತ್ತೆಗೆ ಕಣ್ಣಾದವಳು, ಅವಳನ್ನು ಆ ಸೀಟಿನಲ್ಲೇ ಬಿಟ್ಟು ಇಳಿಯಬೇಕಾಗಿತ್ತು. ನನಗೆ ಅದು ಆಗಲಿಲ್ಲ. ಅವಳ ಮುಖವನ್ನೇ ನೋಡುತ್ತ ಹೇಳಿದೆ.

"ಹೂಂ ಅತ್ತೆ."

ಅವಳು ತಲೆಯಾಡಿಸಿದಳು. ಮತ್ತೆ ಕಿಟಕಿಯ ಕಡೆ ತಿರುಗಿದಳು.

"ಹಂಗಾದ್ರೆ ಡಾಕ್ಟ್ರಿಗೇ ಗೊತ್ತಾಗಿಲ್ಲ ಬುಡು."

ನಂಬಿ ಹೇಳಿದಳೋ, ಎಲ್ಲ ತಿಳಿದೂ ನನ್ನನ್ನು ಕಾಪಾಡಿದಳೋ, ಅವಳು ಸಾಯುವವರೆಗೂ ನಾನು ಕೇಳಲಿಲ್ಲ. ಶಿಬಿರದ ಡಾಕ್ಟರು ಏನಂದರು ಎಂದು ಮನೆಯಲ್ಲಿ ಅಪ್ಪ ಕೇಳಿದಾಗ, ವಯಸ್ಸಾಯಿತು, ಇದೆಲ್ಲ ಇದ್ದದ್ದೇ ಅಂದರು ಎಂದು ಅವಳೇ ಉತ್ತರ ಕೊಟ್ಟಳು. ಏಣಿಯ ಕಡೆ ನೋಡಲಿಲ್ಲ. ಸಂಜೆ ದೀಪ ಹಚ್ಚಿದ ಮೇಲೆ ಒಂದು ಹರಿದ ರವಿಕೆ ತಂದು ನನ್ನ ಪಕ್ಕದಲ್ಲಿ ಕೂತಳು. ಸೂಜಿಯನ್ನೂ ದಾರವನ್ನೂ ನನ್ನ ಕೈಗೆ ಕೊಟ್ಟಳು. ನಾನು ಪೋಣಿಸಿಕೊಟ್ಟೆ.